ಹಿತ್ತಲಿನ ನೊರೆ

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಕಾಡವ್ವನನ್ನು ಕೆಲಸದಿಂದ ಬಿಡಿಸಿದರು. ಹಿತ್ತಲಿನ ಬಿಸಿನೀರಿನ ತೊಟ್ಟಿಗೆ, ಅಂದರೆ ಸ್ಪಾಕ್ಕೆ, ಸೋಪಿನ ಪುಡಿ ಸುರಿದು ಮೋಟರ್ ಕೆಡಿಸಿದಳು ಎಂದು ಐಶ್ವರ್ಯಾಳ ಪಪ್ಪಾ ವಿರೂಪಾಕ್ಷ ಹೇಳಿದರು. ಕಾಡವ್ವ ಸುರಿದಿರಲಿಲ್ಲ.

"ಕಣ್ಣಾರೆ ಕಂಡೇನಿ!" ಪಪ್ಪಾ ಗೇಟಿನ ಹೊರಗೆ ನಿಂತು ಕೂಗುತ್ತಿದ್ದರು. "ಒಂದ ಕೈಯಾಗ ಬಕೀಟ, ಒಂದ ಕೈಯಾಗ ಸೋಪಿನ ಪಾಕೀಟ. ಹಿತ್ತಲ ತುಂಬ ನೊರಿ. ಇನ್ನೇನ ಸಾಕ್ಷಿ ಬೇಕ?"

"ಸಾವ್ಕಾರ್ರ, ನಾ ಅರಿವಿ ಒಗ್ಯಾಕಂತ..."

"ಬಾಯಿ ಮುಚ್ಚು! ನಾಳಿಂದ ಬರಬ್ಯಾಡ."

ಹಾಲಿನವನು ಬೈಕ್ ನಿಲ್ಲಿಸಿದ. ಎದುರು ಮನೆಯ ಇಬ್ಬರು ಹೆಂಗಸರು ಕಸಬರಿಗೆ ಹಿಡಿದುಕೊಂಡೇ ನೋಡುತ್ತಾ ನಿಂತರು. ಕಾಡವ್ವ ಬಕೆಟ್ ಕೆಳಗಿಟ್ಟಳು. ಪಾಕೀಟನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ಐಶ್ವರ್ಯಾ ಬಾಗಿಲಲ್ಲಿ ನಿಂತಿದ್ದಳು. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡಿದ್ದಳು, ಇನ್ನೊಂದು ಕೈಯಲ್ಲಿತ್ತು. ಆ ನೊರೆ ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತಿತ್ತು. ಒಳಗೆ ದೇವರ ಕೋಣೆಯಲ್ಲಿದ್ದ ಆಯಿಗೂ ಗೊತ್ತಿತ್ತು. ಆಯಿ ಎಂದರೆ ಪಪ್ಪಾನ ತಾಯಿ, ಸುಂದರವ್ವ. ದಿನಾ ಮೂರು ಸಲ ಬಾರಿಸಿ ಗಂಟೆ ಇಡುತ್ತಿದ್ದ ಆಯಿ ಅವತ್ತು ಬಾರಿಸುತ್ತಲೇ ಇದ್ದರು.

ಐಶ್ವರ್ಯಾ ಬಾಯಿ ತೆರೆದಳು. ಆಟೋ ಹಾರ್ನ್ ಕೇಳಿಸಿತು. ಇನ್ನೊಂದು ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋದಳು.

ಸ್ಪಾ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಪಪ್ಪಾನದು ಟೈಲ್ಸ್ ಅಂಗಡಿ. ಆಯಿಗೆ ಮೊಣಕಾಲು ನೋವು. ಬೆಚ್ಚಗಿನ ನೀರಿನಲ್ಲಿ ದಿನಾ ಅರ್ಧ ತಾಸು ಕೂರಿಸಿ ಎಂದು ಡಾಕ್ಟರ್ ಹೇಳಿದ್ದರು. ಒಂದು ಟಬ್ ಸಾಕಾಗುತ್ತಿತ್ತು. ಪಪ್ಪಾ ನೆಲದೊಳಗೆ ಕೂರಿಸುವ ಸ್ಪಾ ತರಿಸಿದರು.

"ಗಿರಾಕಿ ಬಂದ್ರ ತೋರಸಾಕೂ ಆಗ್ತೈತಿ," ಎಂದಿದ್ದರು.

ಜೆಸಿಬಿ ಬಂದು ಹಿತ್ತಲಿನಲ್ಲಿ ಗುಂಡಿ ತೋಡಿತು. ಓಣಿಯ ಹುಡುಗರೆಲ್ಲ ಕಾಂಪೌಂಡ್ ಏರಿ ಕೂತರು. ಕೂರಿಸುವ ಕೆಲಸ ನೇಸರಗಿಯ ಪ್ಲಂಬರ್ ಮಡಿವಾಳೆಪ್ಪನದು. ಅವನು ಬೆಳಗಾವಿಗೆ ಹೋಗಿ ಮೂರು ದಿನ ಟ್ರೇನಿಂಗ್ ಮುಗಿಸಿ ಬಂದಿದ್ದ. ಗುಂಡಿಯ ಸುತ್ತಲಿನ ಕರಿಮಣ್ಣನ್ನೆಲ್ಲ ಇನ್ನೂ ಎರಡು ಅಡಿ ತೆಗೆಸಿದ.

"ಎರಿಮಣ್ಣ ಐತಲ್ಲ ಐಶವ್ವ, ಅದು ಉಸುರಾಡತೈತಿ," ಎಂದು ಅವಳಿಗೆ ಹೇಳಿದ್ದ. "ಮಳಿಗಾಲದಾಗ ಹೊಟ್ಟಿ ಉಬ್ಬಸ್ತೈತಿ, ಬ್ಯಾಸಗ್ಯಾಗ ಬಿರಿತೈತಿ. ಅದರಾಗ ಸ್ಪಾ ಇಟ್ರ ಎರಡ ವರ್ಷಕ್ಕ ಹಪ್ಪಳ ಮುರದಂಗ ಮುರಿತೈತಿ. ಗರಸು ಹಾಕಬೇಕು."

ಲಾರಿಯಲ್ಲಿ ಕೆಂಪು ಗರಸು, ಅಂದರೆ ಹರಳು ಮಣ್ಣು, ಬಂತು. ತಳಕ್ಕೆ ಕಾಂಕ್ರೀಟ್ ಬಿತ್ತು. ಕ್ರೇನ್ ಬಿಳಿ ಸ್ಪಾವನ್ನು ಗೋಡೆಯ ಮೇಲಿಂದ ಎತ್ತಿ ತಂದು ಗುಂಡಿಗೆ ಇಳಿಸಿತು. ಪಕ್ಕದಲ್ಲಿ ಇನ್ನೊಂದು ಸಣ್ಣ ಗುಂಡಿ. ಅದರೊಳಗೆ ಮೋಟರ್, ಹೀಟರ್, ಫಿಲ್ಟರ್. ಕರೆಂಟ್ ಎಲ್ಲಾದರೂ ಸೋರಿದರೆ ತಾನೇ ಆರಿಹೋಗುವ ಸ್ವಿಚ್ಚನ್ನು ಗೋಡೆಗೆ ಕೂರಿಸಿ, ಮಡಿವಾಳೆಪ್ಪ ಅದನ್ನು ಐದು ಸಲ ಒತ್ತಿ ಒತ್ತಿ ಪರೀಕ್ಷೆ ಮಾಡಿದ.

ಓಣಿಯವರು ಅದನ್ನು ಸ್ಪಾ ಎನ್ನಲಿಲ್ಲ. ಬಿಸಿನೀರಿನ ಹೊಂಡ ಎಂದರು.

ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ಓದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಪಪ್ಪಾ ಚಿತ್ರ ನೋಡಿ ಮಡಚಿಟ್ಟರು. ಮಮ್ಮಿ ಶೈಲಜಾ, "ನಂಗೆಲ್ಲಿ ಪುರಸೊತ್ತೈತಿ?" ಎಂದರು. ಆರನೇ ಕ್ಲಾಸಿನ ಐಶ್ವರ್ಯಾ ಡಿಕ್ಷನರಿ ಇಟ್ಟುಕೊಂಡು ಎಂಟು ದಿನದಲ್ಲಿ ಓದಿ ಮುಗಿಸಿದಳು. ಅಂದಿನಿಂದ ಮನೆಯ ಸ್ಪಾ ಆಪರೇಟರ್ ಅವಳೇ. ನೀರು ಮೂವತ್ತೇಳು ಡಿಗ್ರಿ ಇದೆಯಾ ನೋಡುವುದು, ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿ ಕ್ಲೋರಿನ್ ಎಷ್ಟಿದೆ ಎಂದು ಬರೆಯುವುದು, ಮುಗಿದ ಮೇಲೆ ಮುಚ್ಚಳ ಎಳೆಯುವುದು, ಎಲ್ಲ ಅವಳ ಕೆಲಸ.

ಒಂಬತ್ತನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಎಣ್ಣೆ ಹಚ್ಚಿಕೊಂಡು ಇಳಿಯಬಾರದು. ಸೋಪು ಹಾಕಬಾರದು.

ಭಾನುವಾರ ಪಪ್ಪಾ ಮಮ್ಮಿ ಸವದತ್ತಿಗೆ ಮದುವೆಗೆ ಹೋಗಿದ್ದರು. ಆಯಿ ಔಡಲೆಣ್ಣೆಯ ಬಟ್ಟಲು ಹಿಡಿದು ಹಿತ್ತಲಿಗೆ ಬಂದರು.

"ಐಶೂ, ಇವತ್ತ ಎಣ್ಣಿ ನೀರು ಹಾಕ್ಕೊಳ್ಳೂಣು."

"ಆಯಿ, ಎಣ್ಣಿ ಹಚ್ಚಿ ಇದರಾಗ ಇಳೀಬಾರದು. ಪುಸ್ತಕದಾಗ ಬರದೈತಿ."

"ಯಾರ ಬರದಾರ?"

"ಕಂಪನಿಯವ್ರು."

"ಅವರ ಮೊಣಕಾಲ ನೂಸಾಕತ್ತಿದ್ರ ಹಂಗ ಬರೀತಿದ್ದಿಲ್ಲ. ಬರೇ ನೀರಾಗ ಕುಂತ ಏಳೂದಕ್ಕ ಜಳಕಾ ಅಂತಾರೇನ? ಎಮ್ಮಿ ಕುಂದರತಾವ ಹಂಗ. ಬಾ, ತಲಿ ತಾ."

ಐಶ್ವರ್ಯಾಳಿಗೆ ನಗು ಬಂತು. ತಲೆ ಕೊಟ್ಟಳು. ಆಯಿಯ ಬೆರಳು ನೆತ್ತಿಯ ಮೇಲೆ ತಪತಪ ಬಡಿದಾಗ ಒಂಬತ್ತನೇ ಪುಟ ಮರೆತೇಹೋಯಿತು. ಎಣ್ಣೆಯಾದ ಮೇಲೆ ಕಡಲೆಹಿಟ್ಟು. ಕಡಲೆಹಿಟ್ಟಾದ ಮೇಲೆ ಶೀಗೆಕಾಯಿ ಪುಡಿ. ಇಬ್ಬರೂ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಕೈ ಹಿಡಿದು ಸ್ಪಾಕ್ಕೆ ಇಳಿದರು.

"ಆ ಬಟನ್ ಒತ್ತು," ಎಂದರು ಆಯಿ. "ಕಾಲಿಗೆ ಗುದ್ದತೈತಲ್ಲ, ಅದು."

ಐಶ್ವರ್ಯಾ ಒತ್ತಿದಳು. ನೀರು ನಾಲ್ಕೂ ಕಡೆಯಿಂದ ನುಗ್ಗಿತು. ಮೊದಲು ಚಹಾದ ಬಣ್ಣದ ಗುಳ್ಳೆಗಳು ಎದ್ದವು. ಗುಳ್ಳೆಯ ಮೇಲೆ ಗುಳ್ಳೆ ಕೂತಿತು. ಎರಡು ನಿಮಿಷದಲ್ಲಿ ಆಯಿಯ ಕುತ್ತಿಗೆಯವರೆಗೆ ನೊರೆ.

"ಅಯ್ಯಯ್ಯ! ಕಡಬ ಕುದಿಯೂ ಪಾತೇಲ್ಯಾಗ ಕುಂತಂಗ ಆತಲ್ಲ!"

ನಕ್ಕು ನಕ್ಕು ಐಶ್ವರ್ಯಾಳ ಮೂಗಿನೊಳಗೆ ನೊರೆ ಹೋಯಿತು. ಆಯಿ ಕಾಲು ಚಾಚಿದರು. ಮಡಚಿದರು. ಮತ್ತೆ ಚಾಚಿದರು. "ನೋಡ ಇಲ್ಲಿ, ಮಡಚಾಕ ಬರಾಕತ್ತೈತಿ," ಎಂದರು. ಎಷ್ಟೋ ದಿನಗಳ ಮೇಲೆ ಆಯಿ ಹಾಗೆ ನಗುವುದನ್ನು ಅವಳು ನೋಡಿದಳು.

ಆಮೇಲೆ ಮೋಟರ್ ಗೊರ್ ಎಂದಿತು. ಐಶ್ವರ್ಯಾ ಓಡಿಹೋಗಿ ಬಂದ್ ಮಾಡಿದಳು. ನಾಳೆಗೆ ನೊರೆ ಇಳಿಯುತ್ತದೆ ಎಂದುಕೊಂಡು ಇಬ್ಬರೂ ಮುಚ್ಚಳ ಎಳೆದರು. ಬಾತ್‌ರೂಮಿನಲ್ಲಿ ಮೈ ತೊಳೆದುಕೊಂಡರು.

ಆದರೆ ಸ್ಪಾ ದಿನಾ ಬೆಳಗ್ಗೆ ಐದಕ್ಕೆ ತಾನೇ ಶುರುವಾಗಿ ಎರಡು ತಾಸು ನೀರು ಸೋಸುತ್ತಿತ್ತು. ಅದೂ ಪುಸ್ತಕದಲ್ಲಿತ್ತು. ಸೋಮವಾರ ಏಳಕ್ಕೆ ಪಪ್ಪಾ ಹಿತ್ತಲಿಗೆ ಹೋದಾಗ ನೊರೆ ಮುಚ್ಚಳ ಎತ್ತಿ ಹೊರಗೆ ಬಂದಿತ್ತು. ಒಗೆಯುವ ಕಲ್ಲು ಸ್ಪಾದ ಪಕ್ಕದಲ್ಲೇ ಇತ್ತು. ಕಲ್ಲಿನ ಪಕ್ಕ ಸೋಪಿನ ಪುಡಿ ಹಿಡಿದು ಕಾಡವ್ವ ನಿಂತಿದ್ದಳು.

ಕಾಡವ್ವನ ಮಗಳು ವಿಜಯಾ ಐಶ್ವರ್ಯಾಳ ಕ್ಲಾಸೇ. ಒಂದೇ ಬೆಂಚು. ಸೋಮವಾರ ವಿಜಯಾ ಶಾಲೆಗೆ ಬರಲಿಲ್ಲ. ಮಂಗಳವಾರ ಬಂದಳು, ಬಂದವಳು ಹಿಂದಿನ ಬೆಂಚಿಗೆ ಹೋಗಿ ಕೂತಳು.

"ಏ ಐಶೂ, ನಿಮ್ಮ ಹೊಂಡದಾಗ ಒಗ್ಯಾಣ ಹಾಕಿದ್ರಂತ?" ಎಂದ ಕಲ್ಮೇಶ. "ವಾಷಿಂಗ್ ಮಷೀನ್ ಕೆಟ್ಟಿತ್ತೇನ?"

ಹುಡುಗರು ನಕ್ಕರು. ವಿಜಯಾ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ.

ಇಂಟರ್ವಲ್ಲಿನಲ್ಲಿ ಐಶ್ವರ್ಯಾ ಅವಳ ಹತ್ತಿರ ಹೋದಳು. "ವಿಜೂ, ಯಾಕ ಹಿಂದ ಕುಂತಿ?"

"ನಮ್ಮವ್ವ ಸುಳ್ಳ ಹೇಳಂಗಿಲ್ಲ."

"ನಂಗೊತ್ತು."

"ನಿಂಗೊತ್ತು?" ವಿಜಯಾ ಅವಳ ಮುಖವನ್ನೇ ನೋಡಿದಳು. "ಗೊತ್ತಿದ್ರ ಸುಮ್ಮನ್ಯಾಕ ನಿಂತಿದ್ದಿ?"

ಐಶ್ವರ್ಯಾ ಟಿಫಿನ್ ಡಬ್ಬಿಯ ಮುಚ್ಚಳವನ್ನು ತೆಗೆದಳು. ಹಾಕಿದಳು.

"ಡಾಕ್ಟರ್ ಮನಿಯವ್ರೂ ಅವ್ವಗ ಕೆಲಸಕ್ಕ ಬರಬ್ಯಾಡ ಅಂದ್ರು," ಎಂದಳು ವಿಜಯಾ. "ಬ್ಯಾಂಕಿನ ಮೇಡಮ್ಮೋರೂ ಅಂದ್ರು. ‘ನಮ್ಮನ್ಯಾಗ ಗ್ರಾನೈಟ್ ಕಟ್ಟಿ ಐತಿ, ನೀ ಏನರೆ ಹಾಕಿ ಕೆಡಸ್ತಿ’ ಅಂದ್ರಂತ. ಮೂರೂ ಮನಿ ಹೋದ್ವು. ಒಂದ ದಿನದಾಗ."

ಸಂಜೆ ಐಶ್ವರ್ಯಾ ನೇರವಾಗಿ ಆಯಿಯ ಕೋಣೆಗೆ ಹೋದಳು.

"ಆಯಿ, ಪಪ್ಪಾಗ ಹೇಳೂಣು."

ಆಯಿ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. "ಹೇಳಿದ್ರ ಏನಾಗ್ತೈತಿ? ನಿಮ್ಮಪ್ಪ ಹೊಂಡಕ್ಕ ಕೀಲಿ ಹಾಕ್ತಾನ. ‘ಮುದಕಿ, ಇನ್ನ ಇಳೀಬ್ಯಾಡ’ ಅಂತಾನ. ಮತ್ತ ನಾ ಕಾಲ ಎಳಕೋಂತ ತಿರಗಬೇಕು."

"ಕಾಡಕ್ಕಂದು ಮೂರೂ ಮನಿ ಹೋದ್ವಂತ ಆಯಿ."

ಆಯಿಯ ಕೈ ನಿಂತಿತು. ಆಮೇಲೆ ಮುಲಾಮಿನ ಡಬ್ಬಿ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದರು.

ಅಡುಗೆಮನೆಯಲ್ಲಿ ಮಮ್ಮಿ ಭಾಂಡೆ ತಿಕ್ಕುತ್ತಿದ್ದರು. "ಎರಡ ದಿನಕ್ಕ ನನ್ನ ಸೊಂಟಾ ಹೋತು," ಎಂದು ಒಬ್ಬರೇ ಗೊಣಗುತ್ತಿದ್ದರು.

ಬುಧವಾರ ಐಶ್ವರ್ಯಾ ಶಾಲೆಯಿಂದ ಬಂದ ಮೇಲೆ ಮಡಿವಾಳೆಪ್ಪ ಬಂದ. ಸ್ಪಾದ ನೀರನ್ನೆಲ್ಲ ಗಟಾರಕ್ಕೆ ಬಿಟ್ಟ. ಸಣ್ಣ ಗುಂಡಿಗೆ ಇಳಿದು ಫಿಲ್ಟರ್ ಬಿಚ್ಚಿ ಮೇಲೆ ತಂದ. ಬಿಳಿಯ ಮಡಿಕೆ ಮಡಿಕೆ ಇರಬೇಕಾದ ಫಿಲ್ಟರ್ ಮೇಲೆ ಹಳದಿ ಅಂಟು ಮೆತ್ತಿಕೊಂಡಿತ್ತು. ಮಡಿವಾಳೆಪ್ಪ ಬೆರಳಿನಿಂದ ಸವರಿ ಮೂಸಿದ. ಮತ್ತೊಮ್ಮೆ ಮೂಸಿದ.

"ಸಾವ್ಕಾರ್ರ, ಇದು ಸೋಪಿನ ಪುಡಿ ಅಲ್ಲರಿ."

"ಮತ್ತೇನ?"

"ಎಣ್ಣಿ ಐತಿ. ಕಡ್ಲಿಹಿಟ್ಟ ಐತಿ. ನೀರಂತೂ ಇದ್ದ ಇತ್ತು, ಬಿಸಿನೂ ಆಗೇತಿ." ಮಡಿವಾಳೆಪ್ಪ ಗಂಭೀರವಾಗಿ ಹೇಳಿದ. "ಒಂದೀಟ ಒಗ್ಗರಣಿ ಕೊಟ್ಟಿದ್ರ ಝುಣಕಾ ಆಗಿಬಿಡ್ತಿತ್ತರಿ. ಬುಟ್ಟಿ ರೊಟ್ಟಿ ತಂದ್ರ ಓಣಿಗೆಲ್ಲ ಊಟ."

ಪಪ್ಪಾ ಮಮ್ಮಿಯನ್ನು ನೋಡಿದರು. ಮಮ್ಮಿ ಆಯಿಯನ್ನು ನೋಡಿದರು. ಆಯಿ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದರು.

"ನಾವ," ಎಂದಳು ಐಶ್ವರ್ಯಾ. "ರವಿವಾರ ನಾನೂ ಆಯೀನೂ ಎಣ್ಣಿ ನೀರು ಹಾಕ್ಕೊಂಡ್ವಿ. ಎಣ್ಣಿ ಹಚ್ಚಬಾರದು ಅಂತ ನಾ ಓದಿದ್ದೆ. ಬಟನ್ ನಾನ ಒತ್ತಿದ್ದು. ಕಾಡಕ್ಕ ಏನೂ ಮಾಡಿಲ್ಲ."

ಪೆಟ್ಟು ಬೀಳುತ್ತದೆ ಎಂದು ಅವಳು ಕಣ್ಣು ಮುಚ್ಚಿದಳು.

ನಗು ಕೇಳಿಸಿತು. ಪಪ್ಪಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅವ್ವಾ! ನೀ! ಈ ವಯಸ್ಸಿನ್ಯಾಗ! ಸ್ಪಾದಾಗ ಶೀಗಿಕಾಯಿ!"

ಮಮ್ಮಿಯೂ ನಕ್ಕರು. ಆಯಿ ಮೊದಲು ಹೆದರಿ ನೋಡಿದರು, ಆಮೇಲೆ ಅವರ ಮುಖದಲ್ಲೂ ನಗು ಬಂತು. ಪಪ್ಪಾ ಫೋನ್ ತೆಗೆದು ಮುನವಳ್ಳಿಯ ಗೆಳೆಯನಿಗೆ ಹೇಳಿದರು. ರಾಮದುರ್ಗದ ಮಾವನಿಗೆ ಹೇಳಿದರು. "ಝುಣಕಾ ಆಗೇತಪಾ, ಝುಣಕಾ!" ಎಂದು ಎರಡೂ ಸಲ ಕೂಗಿದರು.

ಐಶ್ವರ್ಯಾ ಕಣ್ಣು ಬಿಟ್ಟು ನೋಡುತ್ತಾ ನಿಂತಳು. ಸೋಮವಾರ ಇದೇ ನೊರೆಯನ್ನು ನೋಡಿ ಪಪ್ಪಾ ನಕ್ಕಿರಲಿಲ್ಲ.

"ಹಂಗಾರ ಕಾಡವ್ವಂದೇನು?" ಎಂದು ಮಮ್ಮಿ ಕೇಳಿದರು.

"ಹಾಂ, ಅಕಿ." ಪಪ್ಪಾ ಕಣ್ಣೊರೆಸಿಕೊಂಡರು. "ಐಶೂ, ನೀ ಹೋಗಿ ಹೇಳಿ ಬಾ. ಆದದ್ದ ಆತು, ಮಾಫ್ ಮಾಡೇವಿ, ನಾಳಿಂದ ಬಾ ಅಂತ ಹೇಳು."

ಕಾಡವ್ವನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಐಶ್ವರ್ಯಾ ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲೇ ಹೇಳಿಕೊಂಡು ಹೋದಳು. ಆದದ್ದು ಆತು, ಮಾಫ್ ಮಾಡೇವಿ. ಮಾಫ್ ಮಾಡೇವಿ. ಎಷ್ಟು ಸಲ ಹೇಳಿಕೊಂಡರೂ ಅದು ನಾಲಿಗೆಗೆ ಕೂರಲಿಲ್ಲ.

ಕಾಡವ್ವ ರೊಟ್ಟಿ ಬಡಿಯುತ್ತಿದ್ದಳು. ವಿಜಯಾ ಬಾಗಿಲಲ್ಲಿ ಕೂತು ಗಣಿತ ಮಾಡುತ್ತಿದ್ದಳು. ಐಶ್ವರ್ಯಾಳನ್ನು ನೋಡಿ ಸರಿದು ದಾರಿ ಬಿಟ್ಟು, ಮತ್ತೆ ಲೆಕ್ಕಕ್ಕೆ ತಿರುಗಿದಳು.

"ಕಾಡಕ್ಕಾ, ಪಪ್ಪಾ ನಾಳಿಂದ ಬಾ ಅಂದಾರ."

ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. "ಅಷ್ಟ ಅಂದಾರೇನ?"

"ಮಾಫ್ ಮಾಡೇವಿ ಅಂದಾರ."

ಸಪ್ಪಳ ನಿಂತಿತು.

"ಏನ ಮಾಡಿದ್ದಕ್ಕ?"

ಐಶ್ವರ್ಯಾ ಎಲ್ಲವನ್ನೂ ಹೇಳಿದಳು. ಒಂಬತ್ತನೇ ಪುಟ, ಎಣ್ಣೆ, ಕಡಲೆಹಿಟ್ಟು, ಬಟನ್. ಸೋಮವಾರ ಬಾಗಿಲಲ್ಲಿ ಸುಮ್ಮನೆ ನಿಂತಿದ್ದನ್ನೂ ಹೇಳಿದಳು. ವಿಜಯಾ ಪೆನ್ಸಿಲ್ ಕೆಳಗಿಟ್ಟು ಕೇಳಿದಳು.

"ಗೊತ್ತೈತಿ ತಗೋ," ಎಂದಳು ಕಾಡವ್ವ.

"ಗೊತ್ತೈತಿ?"

"ಔಡಲೆಣ್ಣಿ ಬಟ್ಟಲಾ ಸೋಮವಾರ ಮುಂಜಾನೆ ತಿಕ್ಕಿ ಇಟ್ಟಾಕಿ ನಾನ ಅಲ್ಲೇನ? ಬಾತ್‌ರೂಮಿನ್ಯಾಗ ಕಡ್ಲಿಹಿಟ್ಟ ಬಳದಾಕೀನೂ ನಾನ."

"ಮತ್ತ ಯಾಕ ಹೇಳಲಿಲ್ಲ?"

"ಬಾಯಿ ತಗದ್ನಿ. ಮುಚ್ಚು ಅಂದ್ರು. ‘ನೀ ಹಾಕಿದೇನ ಕಾಡವ್ವ’ ಅಂತ ಒಬ್ಬರರೆ ಕೇಳಿದ್ರೇನ ನಿಮ್ಮ ಮನ್ಯಾಗ? ಒಂಬತ್ತ ವರ್ಷ ಆತು ನಾ ಬಂದು. ನಿಂಗ ಎರಡ ವರ್ಷ ಇದ್ದಾಗಿಂದ ಎತ್ತಿ ಆಡ್ಸೇನಿ." ಕಾಡವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಹೋಗ್ಲಿ. ನಿನ್ನ ಮ್ಯಾಲ ಸಿಟ್ಟಿಲ್ಲ. ನೀ ಬಂದ ಹೇಳಿದಿ."

"ಹಂಗಾರ ಬರ್ತಿ?"

"ನಿಮ್ಮ ಪಪ್ಪಾ ಗೇಟಿನ ಮುಂದ ನಿಂತು ಹೇಳ್ಯಾರ. ಓಣಿ ಕೇಳೈತಿ. ಅಲ್ಲೇ ನಿಂತು, ‘ಕಾಡವ್ವ ಮಾಡಿದ್ದಲ್ಲ, ನಮ್ಮ ಮನಿಯವ್ರು ಮಾಡಿದ್ದು’ ಅಂತ ಅಷ್ಟ ಜೋರಲೇ ಹೇಳ್ಲಿ. ಮರುದಿನ ಆರಕ್ಕ ಬಂದು ಕಸಾ ಹೊಡಿತೇನಿ. ಅಲ್ಲೀ ತನಕಾ ಅವರ ಮಾಫೀನೂ ಬ್ಯಾಡ, ಕೆಲಸಾನೂ ಬ್ಯಾಡ. ಇದನ್ನ ಇದ್ದಂಗ ಹೇಳು."

ಐಶ್ವರ್ಯಾ ಎದ್ದಳು. ವಿಜಯಾಳೂ ಎದ್ದಳು. "ಮೂಲ್ಯಾಗ ನಾಯಿ ಅದಾವ," ಎಂದು ಓಣಿಯ ಕೊನೆಯವರೆಗೆ ಜೊತೆಗೆ ಬಂದು ವಾಪಸ್ ಹೋದಳು.

ಅಷ್ಟರಲ್ಲಿ ಮನೆಗೆ ಟ್ಯಾಂಕರ್ ಬಂದು ಹೋಗಿತ್ತು. ಮಡಿವಾಳೆಪ್ಪ ಹೊಸ ಫಿಲ್ಟರ್ ಹಾಕಿ ಸ್ಪಾ ಶುರು ಮಾಡಿ ಹೊರಟಿದ್ದ. ನೀರು ಇನ್ನೂ ಪೂರ್ತಿ ಬಿಸಿಯಾಗಿರಲಿಲ್ಲ. ಆದರೂ ಪಪ್ಪಾ ಇಳಿದು, ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮಮ್ಮಿ ಒಗೆಯುವ ಕಲ್ಲಿನ ಹತ್ತಿರ ನಲ್ಲಿ ಬಿಟ್ಟುಕೊಂಡು ಬಟ್ಟೆ ಜಾಲಿಸುತ್ತಿದ್ದರು. ಆಯಿ ಕಟ್ಟೆಯ ಮೇಲಿದ್ದರು.

"ಏನಂದ್ಳು? ಬರ್ತಾಳಂತ?"

ಐಶ್ವರ್ಯಾ ಕಾಡವ್ವ ಹೇಳಿದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ಶಬ್ದವನ್ನೂ ಬಿಡಲಿಲ್ಲ.

ಪಪ್ಪಾ ಕಣ್ಣು ತೆರೆದರು. "ಗೇಟಿನ ಮುಂದ? ನಾನು? ಓಣಿಯವ್ರ ಮುಂದ?" ಮೂಗಿನಲ್ಲಿ ನಕ್ಕರು. "ಬಾಳ ಆತು ಅಕೀದು. ಹೋಗು, ಮತ್ತ ಹೋಗಿ ಹೇಳು. ಹಳೇದು ಬಿಡು, ಹಬ್ಬಕ್ಕ ಸೀರಿ ಕೊಡಸ್ತೇನಿ, ಸುಮ್ಮನ ಬಾ ಅಂತ."

ಐಶ್ವರ್ಯಾ ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು.

"ಏ, ಕುಂತ್ಯಾಕ? ಕತ್ಲಾಗೂದ್ರಾಗ ಹೋಗಿ ಬಾ."

"ನಾ ಹೋಗೂದಿಲ್ಲ."

"ಏನಂದಿ?"

"ನಾ ಹೋಗೂದಿಲ್ಲ ಪಪ್ಪಾ." ಅವಳ ದನಿ ಸಣ್ಣಗಿತ್ತು. "ನಾ ಹೇಳೂದು ನಾ ಹೇಳಿ ಬಂದೇನಿ. ಉಳದದ್ದು ನಿಮ್ಮ ಮಾತು. ಅದನ್ನ ನನ್ನ ಕೈಯಾಗ ಕಳಸಾಕ ಬರೂದಿಲ್ಲ."

ಮಮ್ಮಿ ನಲ್ಲಿ ನಿಲ್ಲಿಸಿದರು. ಸ್ಪಾದ ನೀರು ಮಾತ್ರ ಗುಳುಗುಳು ಎನ್ನುತ್ತಿತ್ತು. ಆಯಿ ಒಮ್ಮೆ ಮಗನ ಕಡೆ ನೋಡಿದರು, ಒಮ್ಮೆ ಮೊಮ್ಮಗಳ ಕಡೆ ನೋಡಿದರು.

"ಐಶ್ವರ್ಯಾ!" ಪಪ್ಪಾ ಅವಳ ಪೂರ್ತಿ ಹೆಸರು ಕೂಗಿದರು. ಸಿಟ್ಟು ಬಂದಾಗ ಮಾತ್ರ ಅವರು ಹಾಗೆ ಕೂಗುತ್ತಿದ್ದರು. "ಚಪ್ಪಲಿ ಹಾಕ್ಕೋ. ಏಳು. ನಡಿ."

ಅವಳು ಏಳಲಿಲ್ಲ.

"ಇಲ್ಲ," ಎಂದಳು.